‘ಚಂದ್ರಿ’ ಎಂಬ ದುರಸ್ತಿ ನೌಕೆಗೆ ಕಮಲಾಪುರದಿಂದ ಒಂದು ದೂರು

ಗೆ,
ದುರಸ್ತಿ ನೌಕೆ ‘ಚಂದ್ರಿ’ಯವರು,
ಕುಸನೂರ ತಂಡ, ಬಾಹ್ಯಾಕಾಶ.
(ಮುಖಾಂತರ: ಶ್ರೀಮತಿ ರಮಾಬಾಯಿ, ನಿವೃತ್ತ ಪಶುವೈದ್ಯಕೀಯ ಪರೀಕ್ಷಕರು, ಕುಸನೂರ, ಕಲಬುರಗಿ.)

ವಿಷಯ: ಯುದ್ಧ ನಡೆಯುತ್ತಿರುವಾಗ ನನ್ನ ಒಪ್ಪಿಗೆ ಪಡೆಯದೆ ನನ್ನನ್ನು ಗುಣಪಡಿಸಿದ ಬಗ್ಗೆ.

ಮಾನ್ಯರೇ,

ಕಮಲಾಪುರದ ತಹಶೀಲ ಕಚೇರಿಯ ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ, ಒಂದು ಮಡಚುವ ಮೇಜು ಮತ್ತು ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹದಿನೇಳು ವರ್ಷಗಳಿಂದ ಜನರಿಗೆ ಅರ್ಜಿ, ಮನವಿ, ತಕರಾರುಗಳನ್ನು ಬರೆದುಕೊಡುತ್ತಿರುವ ದೌಲಪ್ಪ ಎಂಬ ನಾನು, ತಮ್ಮ ಪಾದಗಳಿಗೆ, ಪಾದಗಳಿಲ್ಲದಿರುವುದರಿಂದ ತಮ್ಮ ಹಿಂಬದಿಯ ನಾಲ್ಕು ಎಂಜಿನುಗಳಿಗೆ, ತಲೆಬಾಗಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವುದು ವಾಡಿಕೆಯಾದರೂ ನಾನು ವಿಚಾರಿಸುವುದಿಲ್ಲ, ಏಕೆಂದರೆ ತಾವು ಸದಾ ಕ್ಷೇಮವಾಗಿರುವುದೇ ಈ ದೂರಿನ ಮೂಲ.

ಈವರೆಗೆ ನಾನು ತುಂಬಿದ ಚರಂಡಿಯ ಮೇಲೆ, ಕಂಬ ನೆಟ್ಟು ತಂತಿ ಎಳೆಯದವರ ಮೇಲೆ, ಪಕ್ಕದ ಮನೆಯವರ ಕೋಳಿಯ ಮೇಲೆ, ಒಮ್ಮೆ ದೌಲತ್ತಿನಿಂದ ನಡೆಯುವ ಒಬ್ಬ ಬೀಗರ ಮೇಲೆ ಕೂಡ ದೂರು ಬರೆದಿದ್ದೇನೆ. ಆದರೆ ಅವೆಲ್ಲ ಬೇರೆಯವರ ಹೆಸರಿನವು. ನನ್ನ ಸ್ವಂತ ಹೆಸರಿನಲ್ಲಿ ನಾನು ಬರೆಯುತ್ತಿರುವ ಮೊದಲ ದೂರು ಇದು, ಮತ್ತು ಅದು ತಮ್ಮ ಮೇಲೆ ಎಂಬುದನ್ನು ತಾವು ಒಂದು ಗೌರವವೆಂದೇ ಭಾವಿಸಬೇಕಾಗಿ ವಿನಂತಿ.

ತಮಗೆ ಗುಂಡಿನ ನಡುವೆ ಓಡಾಡುವ ಕೆಲಸ ಇರುವುದರಿಂದ ನಮ್ಮ ಕಡೆಯ ಸಂಗತಿಗಳು ತಿಳಿದಿರಲಿಕ್ಕಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಕಳೆದ ನವೆಂಬರಿನಲ್ಲಿ ನಮ್ಮೂರಿನ ಗ್ರಂಥಾಲಯಕ್ಕೆ ಒಂದು ಸುತ್ತೋಲೆ ಬಂತು. ಕಲಬುರಗಿಯ ಗೇಮಿಂಗ್ ಕೇಂದ್ರವೊಂದು ಬಾಹ್ಯಾಕಾಶ ಯುದ್ಧದ ಕಂಪ್ಯೂಟರ್ ಆಟದ ಪಂದ್ಯಾವಳಿ ನಡೆಸಲಿದೆ, ಒಂದೊಂದು ಊರಿನಿಂದ ಇಲ್ಲವೇ ಬಡಾವಣೆಯಿಂದ ಮೂವರ ತಂಡ ಬರಬಹುದು, ಮೂವರಲ್ಲಿ ಒಬ್ಬರಾದರೂ ನಲವತ್ತು ದಾಟಿರಬೇಕು, ಗೆದ್ದವರು ಹೇಳಿದ ಸಾರ್ವಜನಿಕ ಜಾಗಗಳಿಗೆ ಆರು ಹೊಸ ಕಂಪ್ಯೂಟರುಗಳನ್ನು ಕೊಡಲಾಗುವುದು ಎಂದು ಅದರಲ್ಲಿತ್ತು. ಗ್ರಂಥಾಲಯದ ಮೇಲ್ವಿಚಾರಕಿ ಪಂಚಶೀಲಾ ಅದನ್ನು ಎರಡು ಸಲ ಓದಿದರು. ಅವರಲ್ಲಿ ಇದ್ದದ್ದು ಎರಡು ಕಂಪ್ಯೂಟರ್. ಒಂದು ನಡೆಯುತ್ತಿತ್ತು, ಇನ್ನೊಂದು ನಡೆಯುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ಹನ್ನೊಂದು ಮಂದಿ ಹೆಣ್ಣುಮಕ್ಕಳು ಆ ಒಂದೇ ಕಂಪ್ಯೂಟರಿನ ಮುಂದೆ ಪಾಳಿ ಹಚ್ಚಿ, ಇಪ್ಪತ್ತಿಪ್ಪತ್ತು ನಿಮಿಷ ಟೈಪಿಂಗ್ ಕಲಿತು, ಅಷ್ಟು ಸಾಲದೆ ಬಸ್ ಹಿಡಿದು ಕಲಬುರಗಿಗೆ ಹೋಗಿಬರುತ್ತಿದ್ದರು. ಪಂಚಶೀಲಾ ಅವರಿಗೆ ಆ ಆರು ಕಂಪ್ಯೂಟರುಗಳು ಆಗಲೇ ಕಣ್ಣ ಮುಂದೆ ಸಾಲಾಗಿ ಕುಳಿತುಬಿಟ್ಟವು. ಅವರು ಹಳೆಯ ದಿನಪತ್ರಿಕೆ ಪೇರಿಸಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಆಮೇಲೆ ತಂಡ ಹುಡುಕಲು ಹೊರಟರು.

ನಾನು ಆ ದಿನ ಎಂದಿನಂತೆ ಪೇಪರು ಓದಲು ಹೋಗಿದ್ದೆ.

“ಅಣ್ಣಾರ, ನಿಮಗ ನಲವತ್ತು ದಾಟ್ಯಾವಲ್ಲ?” ಎಂದು ಕೇಳಿದರು.

“ದಾಟಿ ನಾಲ್ಕು ವರ್ಷ ಆತು, ಯಾಕ್ರಿ?” ಎಂದೆ.

“ಹಂಗಾರ ನೀವೊಂದು ಹಡಗ ನಡಸಬೇಕ್ರಿ.”

ನಾನು ಅಲ್ಲಿಯವರೆಗೆ ನಡೆಸಿದ್ದ ಅತಿ ದೊಡ್ಡ ವಾಹನ ಸೈಕಲ್ಲು. ಆದರೂ ನಲವತ್ತು ದಾಟಿದ, ಹಗಲು ಹೊತ್ತಿನಲ್ಲಿ ಬಿಡುವಿರುವ, ಸಿಟ್ಟು ಬಾರದ ಮನುಷ್ಯ ಆ ಊರಿನಲ್ಲಿ ನಾನೊಬ್ಬನೇ ಎಂದು ಅವರು ನಂಬಿದ್ದರು. ಮೂರನೆಯವನಾಗಿ ಅಜಿತ ಬಂದ. ಇಪ್ಪತ್ತಾರರ ಯುವಕ, ಕೆಂಪು ಬಾಳೆಯ ತೋಟ ನೋಡಿಕೊಳ್ಳುವವನು, ಮೂರು ವರ್ಷದಿಂದ ಆ ಆಟ ಆಡುತ್ತ ಬಂದವನು, ಆದ್ದರಿಂದ ನಮ್ಮ ದಂಡನಾಯಕ. ಗ್ರಂಥಾಲಯದ ಬಾಗಿಲು ಹಾಕುವ ಹೊತ್ತಿಗೆ ಓದುಗರೆಲ್ಲ ಎದ್ದ ಮೇಲೆ, ನಡೆಯುವ ಆ ಒಂದು ಕಂಪ್ಯೂಟರು ಮತ್ತು ಕಡ ತಂದ ಎರಡು ಲ್ಯಾಪ್‌ಟಾಪುಗಳ ಮುಂದೆ ನಾವು ಮೂವರು ಅಂತರಿಕ್ಷಕ್ಕೆ ಹಾರಲಾರಂಭಿಸಿದೆವು.

ಆಟದ ನಿಯಮ ತಮಗೆ ಗೊತ್ತೇ ಇದೆ, ಆದರೆ ಈ ಪತ್ರ ಬಹಿರಂಗವಾದ್ದರಿಂದ ಇತರರಿಗಾಗಿ ಬರೆಯುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ನೌಕೆ. ನೌಕೆಯ ತಲೆಯ ಮೇಲೆ ಅದರ ಬಲ ಎಷ್ಟು ಉಳಿದಿದೆ ಎಂಬ ಅಂಕಿ ಹೊಳೆಯುತ್ತದೆ. ನೂರರಿಂದ ಸೊನ್ನೆಗೆ ಇಳಿದರೆ ನೌಕೆ ಚೂರುಚೂರು. ಎದುರಾಳಿಯ ಯುದ್ಧನೌಕೆಗಳೆಲ್ಲ ಚೂರಾದರೆ ಗೆಲುವು. ಯುದ್ಧನೌಕೆ ಬೇಡವೆನ್ನುವವರು ದುರಸ್ತಿ ನೌಕೆಯನ್ನು ಆರಿಸಿಕೊಳ್ಳಬಹುದು. ಅದಕ್ಕೆ ತೋಪಿಲ್ಲ, ಗುಂಡಿಲ್ಲ, ಇರುವುದು ಒಂದು ಹಸಿರು ಕಿರಣ, ಅದು ತಾಗಿದ ನೌಕೆಯ ಅಂಕಿ ಮತ್ತೆ ಮೇಲೇರುತ್ತದೆ. ನಮ್ಮಲ್ಲಿ ಯಾರಾದರೂ ಅದನ್ನು ತೆಗೆದುಕೊಳ್ಳೋಣವೇ ಎಂದು ಪಂಚಶೀಲಾ ಕೇಳಿದಾಗ ಅಜಿತ ನಕ್ಕುಬಿಟ್ಟ. “ಯುದ್ಧಕ್ಕ ಹೋಗಿ ಪಂಕ್ಚರ್ ತಿದ್ಕೋತ ಕೂಡೂದೇನ್ರಿ ಅಕ್ಕಾ?” ಎಂದ. ನಾನೂ ನಕ್ಕೆ. ಆ ನಗುವನ್ನು ನಾನು ಈ ಪತ್ರದ ಮೂಲಕ ಅಧಿಕೃತವಾಗಿ ಹಿಂಪಡೆಯುತ್ತೇನೆ.

ಡಿಸೆಂಬರಿನ ಮೊದಲ ವಾರ ಅಭ್ಯಾಸ ಪಂದ್ಯದಲ್ಲಿ ತಮ್ಮ ದರ್ಶನಭಾಗ್ಯ ನಮಗೆ ಮೊದಲ ಸಲ ಲಭಿಸಿತು. ಕುಸನೂರ ತಂಡದಲ್ಲಿ ಮೂವರಿದ್ದರು. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವ ಆಸ್ಮಾ, ಅವರ ಗೆಳೆಯ ಕಪಿಲ, ಮತ್ತು ಆಸ್ಮಾ ಬಾಡಿಗೆಗಿರುವ ಮನೆಯ ಒಡತಿಯೂ ತಮ್ಮ ಒಡತಿಯೂ ಆದ ಅರವತ್ತೆರಡರ ರಮಾಬಾಯಿಯವರು. ಮೂವತ್ತೈದು ವರ್ಷ ದನಕರುಗಳಿಗೆ ಮದ್ದು ಹಾಕಿ ನಿವೃತ್ತರಾದವರು. ಅವರನ್ನು ಮೂರು ಸಲ ಒದ್ದ ಒಂದು ಎಮ್ಮೆಯ ನೆನಪಿಗೆ ತಮಗೆ ‘ಚಂದ್ರಿ’ ಎಂದು ಹೆಸರಿಟ್ಟರೆಂದು ಆಮೇಲೆ ತಿಳಿಯಿತು. ಆ ಹೆಸರು ನೋಡಿಯೇ ನಾವು ಎಚ್ಚರಗೊಳ್ಳಬೇಕಿತ್ತು.

ಮೊದಲ ದಿನ ನಾವು ಮೂವರೂ ಸೇರಿ ಆಸ್ಮಾ ಅವರ ನೌಕೆಯ ಮೇಲೆ ಬಿದ್ದೆವು. ನೂರಿದ್ದ ಬಲ ಎಂಬತ್ತಾಯಿತು, ಐವತ್ತಾಯಿತು, ಹದಿನೆಂಟಾಯಿತು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಆಗ ಅದರ ಹಿಂದಿನಿಂದ ತಾವು, ನೆರೆಮನೆಯವರು ಮೊಸರು ಕೇಳಲು ಬಂದಷ್ಟು ನಿಧಾನವಾಗಿ, ಇಣುಕಿ ಹಸಿರು ಕಿರಣ ಬಿಟ್ಟಿರಿ. ಹದಿನೆಂಟು ನಲವತ್ತಾಯಿತು, ಎಪ್ಪತ್ತಾಯಿತು, ನೂರಾಯಿತು. ನಾವು ಅರ್ಧ ಗಂಟೆ ಬೆವರು ಸುರಿಸಿ ಹೊಡೆದದ್ದೆಲ್ಲ, ಕಚೇರಿಯ ಒಳಗೆ ಹೋಗಿ ಅದೇ ಮುಖ ಹೊತ್ತು ಹೊರಗೆ ಬರುವ ಅರ್ಜಿಯಂತೆ ವಾಪಸು ಬಂತು. ಆ ದಿನ ನಾವು ಸೋತೆವು. ಮರುದಿನವೂ ಸೋತೆವು.

ಮಾನ್ಯರೇ, ತಮ್ಮನ್ನು ಕೊಲ್ಲಲು ನಾವು ಪಟ್ಟ ಶ್ರಮವನ್ನು ತಾವು ಗಮನಿಸಿದ್ದೀರೆಂದು ನಂಬಿದ್ದೇನೆ. ಗಮನಿಸದಿದ್ದರೆ ಅದೇ ಇನ್ನೊಂದು ದೂರಾಗುತ್ತದೆ. ಯುದ್ಧನೌಕೆಗಳನ್ನು ಬಿಟ್ಟು ಮೊದಲು ಮದ್ದು ಹಾಕುವವರನ್ನೇ ಮುಗಿಸಬೇಕು ಎಂದು ಅಜಿತ ತೀರ್ಮಾನಿಸಿ, ಅತಿ ವೇಗದ ಸಣ್ಣ ನೌಕೆ ಆರಿಸಿಕೊಂಡು, ಚಂದ್ರನೊಂದನ್ನು ಸುತ್ತು ಹಾಕಿ ಹಿಂದಿನಿಂದ ತಮ್ಮ ಮೇಲೆ ಎರಗಿದ. ತಾವು ಓಡಲಿಲ್ಲ. ಕಪಿಲನ ನೌಕೆಯ ಹೊಟ್ಟೆಯ ಕೆಳಗೆ, ಬಿಸಿಲಿಗೆ ಬಳಲಿ ನೆರಳಿಗೆ ಬಂದ ಕರುವಿನ ಹಾಗೆ, ಸುಮ್ಮನೆ ಸರಿದು ನಿಂತಿರಿ. ಅಜಿತ ಹದಿನಾಲ್ಕು ಸೆಕೆಂಡಿನಲ್ಲಿ ಚೂರಾದ. ಅವನು ಕಿವಿಯ ಹೆಡ್‌ಫೋನು ತೆಗೆದಿಟ್ಟು ನೀರು ಕುಡಿಯಲು ಹೋದವನು ಇಪ್ಪತ್ತು ನಿಮಿಷ ಬರಲಿಲ್ಲ.

ಆಮೇಲೆ ಪಂಚಶೀಲಾ ಆಟದ ಪುಸ್ತಿಕೆಯನ್ನು ಪೂರ್ತಿ ಓದಿ, ಗೆರೆ ಎಳೆದು, ಕಿರಣಗಳನ್ನು ಇಪ್ಪತ್ತು ಸೆಕೆಂಡು ತಡೆಯುವ ಒಂದು ಯಂತ್ರವನ್ನು ಸ್ವಂತ ನೌಕೆಗೆ ಹಚ್ಚಿಸಿಕೊಂಡರು. ಆ ಇಪ್ಪತ್ತು ಸೆಕೆಂಡಿನಲ್ಲಿ ನಾವು ಮೂವರೂ ಒಂದೇ ನೌಕೆಯನ್ನು ಹೊಡೆದು ಮುಗಿಸಬೇಕು. ಸುಂದರವಾದ ಯೋಜನೆ. ಕಿರಣ ನಿಂತಿತು, ತಮ್ಮವರು ನಡುಬಯಲಿನಲ್ಲಿದ್ದರು, ನಾವು ಕೂಗುತ್ತ ನುಗ್ಗಿದೆವು. ಅಷ್ಟರಲ್ಲಿ ತಮ್ಮ ಹಿಂದೆ ಆ ಎರಡೂ ಯುದ್ಧನೌಕೆಗಳು ಸಾಲು ಹಿಡಿದು ಒಂದು ದೊಡ್ಡ ಬಂಡೆಯ ಮರೆಗೆ ಹೋಗಿ ನಿಂತವು. ಆಲಿಕಲ್ಲು ಬೀಳುವಾಗ ದನ ಹೊಡೆದುಕೊಂಡು ಕೊಟ್ಟಿಗೆ ಸೇರುವವರನ್ನು ನಾನು ಕಂಡಿದ್ದೇನೆ. ಇಷ್ಟು ಶಿಸ್ತನ್ನು ಕಂಡಿರಲಿಲ್ಲ. ಇಪ್ಪತ್ತೊಂದನೆಯ ಸೆಕೆಂಡಿಗೆ ತಾವು ಹೊರಗೆ ಬಂದಿರಿ.

ಕೊನೆಗೆ ಸ್ವಲ್ಪ ಫಲ ಕೊಟ್ಟದ್ದು ಪಂಚಶೀಲಾ ಅವರದೇ ಇನ್ನೊಂದು ಲೆಕ್ಕ. ತಮಗಿರುವುದು ಒಂದೇ ಕಿರಣ, ಗಾಯಾಳುಗಳು ಇಬ್ಬರಾದರೆ ಏನು ಮಾಡುತ್ತೀರಿ? ಹಾಗಾಗಿ ಆಸ್ಮಾ ಮತ್ತು ಕಪಿಲ ಇಬ್ಬರನ್ನೂ ಒಟ್ಟಿಗೇ, ಸಮಸಮವಾಗಿ ಹೊಡೆಯತೊಡಗಿದೆವು. ತಾವು ಅವರಿಗೆ ಸ್ವಲ್ಪ, ಇವರಿಗೆ ಸ್ವಲ್ಪ, ಒಂದೇ ಬಾಟಲಿ ಸಲೈನನ್ನು ಎರಡು ಎಮ್ಮೆಗೆ ಹಂಚಿದ ಹಾಗೆ ಹಂಚಿದಿರಿ. ಇಬ್ಬರನ್ನೂ ಸಾಯಲು ಬಿಡಲಿಲ್ಲ, ಆದರೆ ಇಬ್ಬರೂ ಸುಸ್ತಾದರು. ಒಂಬತ್ತು ಸೋಲಿನ ನಂತರ ಹತ್ತನೆಯ ಪಂದ್ಯವನ್ನು ನಾವು ಹೀಗೆ ಗೆದ್ದೆವು. ಪಂಚಶೀಲಾ ಗ್ರಂಥಾಲಯದಲ್ಲಿ ‘ನಿಶ್ಶಬ್ದವಾಗಿರಿ’ ಎಂಬ ಫಲಕದ ಕೆಳಗೇ ನಿಂತು ಸೀಟಿ ಹೊಡೆದರು. ಅವರಿಗೆ ಸೀಟಿ ಹೊಡೆಯಲು ಬರುತ್ತದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಜನವರಿಯ ಕೊನೆಯ ಭಾನುವಾರ ಅಂತಿಮ ಪಂದ್ಯ. ಬೇರೆ ತಂಡಗಳನ್ನೆಲ್ಲ ದಾಟಿ ಉಳಿದವರು ನಾವು ಮತ್ತು ತಾವು. ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಒಂದು ಸಭಾಂಗಣ, ಬೆಳಿಗ್ಗೆ ಹತ್ತು ಗಂಟೆ. ಪರೀಕ್ಷೆಗೆ ಓದುವ ಹನ್ನೊಂದು ಮಂದಿಯೂ ಮೊದಲ ಬಸ್ಸಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮೊದಲ ಸುತ್ತು ತಾವು ಗೆದ್ದಿರಿ, ಎರಡನೆಯದು ನಾವು. ಮೂರನೆಯದಕ್ಕೆ ಮುಂಚೆ ಅಜಿತ ನಮ್ಮಿಬ್ಬರನ್ನೂ ಹತ್ತಿರ ಕರೆದು, ಬಾಯಿಗೆ ಕೈ ಅಡ್ಡ ಹಿಡಿದು, ಒಂದು ಗುಟ್ಟು ಹೇಳಿದ.

ಯುದ್ಧನೌಕೆಯೊಂದರ ಬಲ ಹತ್ತಕ್ಕಿಂತ ಕೆಳಗೆ ಇಳಿದರೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಗುಂಡಿ ಹೊಳೆಯುತ್ತದೆ. ಅದನ್ನು ಒತ್ತಿದರೆ ನೌಕೆ ತನ್ನನ್ನು ತಾನೇ ಸಿಡಿಸಿಕೊಂಡು ಅಕ್ಕಪಕ್ಕದಲ್ಲಿ ಇದ್ದವರನ್ನೆಲ್ಲ ಜೊತೆಗೆ ಒಯ್ಯುತ್ತದೆ. “ಆ ರಮಾಬಾಯಿ ಯಾವಾಗಲೂ ಭಾಳ ಏಟ ತಿಂದ ಹಡಗಿನ ಬಾಜೂಕ ಬಂದು ನಿಂದರ್ತಾರ,” ಎಂದ ಅಜಿತ. “ಆಸ್ಮಾಳ ಹಡಗ ಸಾಯಂಗ ಹೊಡೀಬ್ಯಾಡ್ರಿ, ನರಳಂಗ ಹೊಡೀರಿ. ಬಾಯಿ ಬರ್ತಾರ. ಆಗ ನಮ್ಮಾಗ ಯಾರ ಹಡಗ ಹತ್ತಕ್ಕಿಂತ ಕಮ್ಮಿ ಇರ್ತದ, ಅಂವ ನಡಬರಕ ಹೋಗಿ ಗುಂಡಿ ಒತ್ತೂದು.”

ಇಬ್ಬರೂ ನನ್ನ ಮುಖ ನೋಡಿದರು. ನನ್ನ ನೌಕೆ ಬೇಗ ಏಟು ತಿನ್ನುತ್ತದೆ ಎಂಬುದು ತಂಡದಲ್ಲಿ ಎಲ್ಲರಿಗೂ ತಿಳಿದ ವಿಷಯವಾಗಿತ್ತು.

ಮೂರನೆಯ ಸುತ್ತು ಅಜಿತ ಹೇಳಿದಂತೆಯೇ ನಡೆಯಿತು, ಅಜಿತನೇ ಮೊದಲು ಚೂರಾದದ್ದೊಂದನ್ನು ಬಿಟ್ಟು. ಅವನು ಹೋಗುವಾಗ ಕಪಿಲನನ್ನೂ ಕರೆದುಕೊಂಡು ಹೋದ. ಆಸ್ಮಾ ಅವರ ಬಲ ಮೂವತ್ತೊಂದಕ್ಕೆ ಇಳಿದಿತ್ತು, ಪಂಚಶೀಲಾ ಅವರದು ನಲವತ್ತು, ನನ್ನದು ಎಂಟು. ಮೂಲೆಯಲ್ಲಿ ಕೆಂಪು ಗುಂಡಿ ಹೊಳೆಯಿತು. ಆಸ್ಮಾ ಆಗಷ್ಟೇ ದೊಡ್ಡ ತೋಪು ಹಾರಿಸಿದ್ದರಿಂದ ಅದಕ್ಕೆ ಮತ್ತೆ ಗುಂಡು ತುಂಬಲು ಅರ್ಧ ನಿಮಿಷ ಬೇಕಿತ್ತು. ತಾವು, ನಾವು ಬಯಸಿದಂತೆಯೇ, ಅವರ ಪಕ್ಕಕ್ಕೆ ಹೊರಟಿದ್ದಿರಿ. ನಾನು ಒಂದು ಎಂಜಿನು ಆರಿದ ನೌಕೆಯನ್ನು ಕುಂಟಿಸುತ್ತ, ಹೊಗೆ ಬಿಡುತ್ತ, ಯಾರಿಗೂ ಏನೂ ಮಾಡಲಾರದ ಬಡಪಾಯಿಯಂತೆ ತಮ್ಮಿಬ್ಬರ ಕಡೆ ತೇಲಿ ಬಂದೆ. ನನ್ನ ಬೆರಳು ಗುಂಡಿಯ ಮೇಲಿತ್ತು. ಇನ್ನು ನಾಲ್ಕು ಅಳತೆ ಹತ್ತಿರ ಹೋದರೆ ಸಾಕು. ಮುಂದಿನ ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡ ಸದ್ದು ನನಗೆ ಕೇಳಿಸಿತು. ಆರು ಕಂಪ್ಯೂಟರು, ಮಾನ್ಯರೇ, ಸುಣ್ಣ ಹೊಡೆದ ಕೋಣೆಯಲ್ಲಿ ಸಾಲಾಗಿ.

ಆಗ ತಾವು ಆಸ್ಮಾ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಿರಿ. ನನಗೆ ಒಳಗೊಳಗೇ ನಗು ಬಂತು. ಬಲೆಯೊಳಗೆ ತಾವಾಗಿಯೇ ನಡೆದು ಬರುತ್ತಿದ್ದೀರಲ್ಲ ಎಂದು. ದೂರದಿಂದಲೇ ಹಸಿರು ಕಿರಣ ಹೊರಟಿತು. ಅದು ಆಸ್ಮಾ ಅವರನ್ನು ದಾಟಿತು. ನನಗೆ ಬಂದು ತಾಗಿತು.

ನನ್ನ ತಲೆಯ ಮೇಲಿನ ಎಂಟು ಒಂಬತ್ತಾಯಿತು.

ಮೊದಲು ನಾನು ಇದು ಕೈತಪ್ಪು ಎಂದುಕೊಂಡೆ. ಹತ್ತಾಯಿತು. ನಾನು ಗಾಬರಿಯಿಂದ ಗುಂಡಿ ಒತ್ತಿದೆ. ಗುಂಡಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹನ್ನೊಂದಾಯಿತು, ಹದಿನೈದಾಯಿತು. ನಾನು ಗುಂಡಿಯನ್ನು ಬಸ್ಸಿನ ಗಂಟೆ ಒತ್ತುವವನ ಹಾಗೆ ಒತ್ತುತ್ತಲೇ ಇದ್ದೆ. ಆ ಸಭಾಂಗಣದಲ್ಲಿ ನೂರೈವತ್ತು ಜನರ ಎದುರಿಗೆ, ನನಗೇ ತಿಳಿಯದಂತೆ, ಎದ್ದು ನಿಂತು ಹೇಳಿದೆ:

“ಬಾಯಾರ, ನಾ ನಿಮ್ಮ ವೈರಿ ಇದ್ದೀನ್ರೀ.”

ತಮ್ಮ ಒಡತಿ ಪರದೆಯಿಂದ ಕಣ್ಣು ತೆಗೆಯದೆ, “ಗೊತ್ತದಪಾ, ಸ್ವಲ್ಪ ತಡಿ,” ಎಂದರು.

ಇಪ್ಪತ್ನಾಲ್ಕಕ್ಕೆ ಕಿರಣ ನಿಂತಿತು. ಆ ಹೊತ್ತಿಗೆ ಆಸ್ಮಾ ಅವರ ದೊಡ್ಡ ತೋಪಿಗೆ ಗುಂಡು ತುಂಬಿತ್ತು. ಅದರ ಒಂದು ಹೊಡೆತಕ್ಕೆ ಮೂವತ್ತು ಅಂಕ ಹೋಗುತ್ತದೆ, ನನ್ನಲ್ಲಿದ್ದದ್ದು ಇಪ್ಪತ್ನಾಲ್ಕು. ಹತ್ತಕ್ಕಿಂತ ಕೆಳಗೆ ನಿಲ್ಲುವ ಅವಕಾಶವನ್ನೂ ಕೊಡದೆ ಅದು ನನ್ನನ್ನು ನೇರವಾಗಿ ಸೊನ್ನೆಗೆ ಕಳಿಸಿತು. ಸಭಾಂಗಣದಲ್ಲಿ ನಗು ಎದ್ದಿತು, ಆಮೇಲೆ ಚಪ್ಪಾಳೆ ಎದ್ದಿತು. ನಮ್ಮ ಹನ್ನೊಂದು ಹೆಣ್ಣುಮಕ್ಕಳಲ್ಲಿ ಕನಿಷ್ಠ ನಾಲ್ವರು ನಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಪಂಚಶೀಲಾ ಒಬ್ಬರೇ ಎರಡು ನಿಮಿಷ ಹೋರಾಡಿದರು. ತಾವು ಆಸ್ಮಾ ಅವರನ್ನು ನೂರಕ್ಕೆ ಏರಿಸಿದಿರಿ. ಅಲ್ಲಿಗೆ ಮುಗಿಯಿತು.

ಜಗತ್ತಿನಲ್ಲಿ ಹಸಿವಿನಿಂದ ಸೋತ ಸೈನ್ಯಗಳಿವೆ, ಚಳಿಯಿಂದ ಸೋತ ಸೈನ್ಯಗಳಿವೆ. ಆರೋಗ್ಯ ಸುಧಾರಿಸಿದ್ದರಿಂದ ಸೋತವನು, ನನಗೆ ತಿಳಿದಮಟ್ಟಿಗೆ, ನಾನೊಬ್ಬನೇ.

ನಾನು ಸಭಾಂಗಣದ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದೆ. ಅಜಿತ ಪಕ್ಕದಲ್ಲಿ ಮೊಬೈಲ್ ನೋಡುತ್ತಿದ್ದ, ಮೊಬೈಲ್ ಆರಿತ್ತು. ಪಂಚಶೀಲಾ ಹೆಣ್ಣುಮಕ್ಕಳನ್ನು ಕರೆದುಕೊಂಡು ಚಹಾ ಕುಡಿಸಲು ಹೋಗಿದ್ದರು. ಕೋಣೆ ಖಾಲಿ ಮಾಡಿಸಿದ ವಿಷಯವನ್ನು ಅವರ ಮುಂದೆ ಯಾರೂ ಎತ್ತಬಾರದೆಂದು ನಾವಿಬ್ಬರೂ ಮಾತಿಲ್ಲದೆಯೇ ಒಪ್ಪಿಕೊಂಡಿದ್ದೆವು. ಆಗ ರಮಾಬಾಯಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕಾಲು ಹಿಡಿದುಕೊಂಡು, ನನ್ನ ಪಕ್ಕದಲ್ಲೇ ಕುಳಿತರು.

“ಗುಂಡಿ ಒತ್ತೂದು ನಿಮಗ ಹ್ಯಾಂಗ ಗೊತ್ತಾತ್ರೀ ಬಾಯಾರ?” ಎಂದು ಕೇಳಿದೆ.

“ಗುಂಡಿ ಗಿಂಡಿ ನನಗೇನ ಗೊತ್ತಪಾ,” ಎಂದರು. “ಏಟ ತಿಂದ ದನ ಮಂದಿ ಕಡಿ ಬರಂಗಿಲ್ಲ. ಮೂಲಿ ಹುಡುಕಿ ಹೋಗಿ ಕೂಡ್ತದ. ನೀ ನೋಡಿದರ ಕುಂಟಕೋತ ನನ್ನ ಕಡೇನೇ ಬರಾಕತ್ತಿದ್ದಿ. ಇದರ ಹೊಟ್ಟ್ಯಾಗ ಏನೋ ಅದ ಅಂದ್ಕೊಂಡೆ. ಹೊಟ್ಟಿ ಉಬ್ಬಿದ ಎಮ್ಮಿ ಹಂಗ ಕಾಣ್ತು. ಒಡ್ಯೂದಕ್ಕಿಂತ ಮದಲ ಸಮಾಧಾನ ಮಾಡಬೇಕಲ್ಲ.”

ಮೂವತ್ತೈದು ವರ್ಷದ ಅನುಭವವನ್ನು ಅವರು ನನ್ನ ಹೊಟ್ಟೆಯ ಮೇಲೆ ಪ್ರಯೋಗಿಸಿದ್ದರು.

“ಒಂದು ಮಾತು ಹೇಳ್ಲ್ಯಾ?” ಎಂದು ಅವರೇ ಮುಂದುವರಿಸಿದರು. “ಎರಡ ತಿಂಗಳ ಮೂರೂ ಮಂದಿ ನನ್ನ ಬೆನ್ನು ಹತ್ತೀರಿ. ಹಿಂದಿಂದ ಬಂದೀರಿ, ಮುಂದಿಂದ ಬಂದೀರಿ. ನಿಮ್ಮ ಮೂರು ಮಂದ್ಯಾಗ ಒಬ್ಬರರೆ ಮದ್ದು ಹಾಕೋರು ಇದ್ದಿದ್ದರ ನಾವು ಎಂದೋ ಸೋಲತಿದ್ದಿವಿ.”

ಅಜಿತ ಮೊಬೈಲಿನಿಂದ ತಲೆ ಎತ್ತಿದ. ಅವನ ಮುಖ ಅವನೇ ಬೆಳೆಯುವ ಹಣ್ಣಿನ ಬಣ್ಣಕ್ಕೆ ಬಂದಿತ್ತು.

“ಇಷ್ಟ್ಯಾಕ ಮಾರಿ ಸಣ್ಣ ಮಾಡಿ ಕುಂತೀಯೋ ಮಾರಾಯಾ, ಆಟ ಅಲ್ಲೇನದು,” ಎಂದರು ಬಾಯಿಯವರು. ನಾನು ಗ್ರಂಥಾಲಯದ ಸಂಗತಿ ಹೇಳಿದೆ. ಒಂದೇ ಕಂಪ್ಯೂಟರು, ಇಪ್ಪತ್ತು ನಿಮಿಷದ ಪಾಳಿ, ದಿನಾ ಬಸ್ಸು, ಸುಣ್ಣ ಹೊಡೆದ ಕೋಣೆ.

“ಇದನ್ನ ಮದಲ ಹೇಳಿದ್ದರ ಸೋಲತಿದ್ರೇನ್ರಿ?” ಎಂದು ನಾನು ಕೇಳಿಯೇಬಿಟ್ಟೆ.

ಅವರು ಸ್ವಲ್ಪ ಯೋಚಿಸಿದರು. “ಇಲ್ಲ,” ಎಂದರು. “ಖರೇ ಹೇಳಬೇಕಂದ್ರ ಸೋಲತಿದ್ದಿಲ್ಲ.” ಎದ್ದು ಒಳಗೆ ಹೋದರು.

ಬಹುಮಾನ ಕೊಡುವಾಗ ವೇದಿಕೆಯ ಮೇಲೆ ಆ ಮೂವರೂ ನಿಂತಿದ್ದರು. ಒಬ್ಬೊಬ್ಬರೂ ಎರಡೆರಡು ಕಂಪ್ಯೂಟರಿಗೆ ಜಾಗ ಹೇಳಬೇಕೆಂದು ನಡೆಸುವವರು ಮೈಕು ಕೊಟ್ಟರು. ಆಸ್ಮಾ ಕುಸನೂರಿನ ಓದುವ ಕೋಣೆ ಎಂದರು. ಕಪಿಲ ತನ್ನ ಓಣಿಯ ಬುದ್ಧವಿಹಾರದ ಅಭ್ಯಾಸ ಕೇಂದ್ರ ಎಂದ. ರಮಾಬಾಯಿಯವರು ಮೈಕನ್ನು ಥರ್ಮಾಮೀಟರಿನ ಹಾಗೆ ಒಮ್ಮೆ ಝಾಡಿಸಿ, “ಕಮಲಾಪುರದ ಗ್ರಂಥಾಲಯ,” ಎಂದು, ಅದನ್ನು ನಡೆಸುವವರ ಕೈಗಿತ್ತು ಕುಳಿತುಬಿಟ್ಟರು. ಆಸ್ಮಾ ಮೊದಲು ಬೆಚ್ಚಿದರು, ಆಮೇಲೆ ಚಪ್ಪಾಳೆ ತಟ್ಟಿದರು. ಪಂಚಶೀಲಾ ಚಹಾದ ಕಪ್ಪು ಕೈಯಲ್ಲಿ ಹಿಡಿದು ಆಗಷ್ಟೇ ಒಳಗೆ ಬಂದಿದ್ದರು. ಅವರು ಆ ಕಪ್ಪನ್ನು ಪಕ್ಕದಲ್ಲಿದ್ದ ಒಬ್ಬ ಅಪರಿಚಿತರಿಗೆ ಕೊಟ್ಟು ಎರಡನೆಯ ಸಲ ಸೀಟಿ ಹೊಡೆದರು.

ಮಾನ್ಯರೇ, ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಒಂದೇ ದಿನದಲ್ಲಿ ಎರಡು ಸಲ, ಒಮ್ಮೆ ಅಂತರಿಕ್ಷದಲ್ಲಿ ಒಮ್ಮೆ ಭೂಮಿಯ ಮೇಲೆ, ಕೇಳದೆಯೇ ದುರಸ್ತಿಗೆ ಒಳಗಾದ ನಮ್ಮ ಸ್ಥಿತಿಯನ್ನು ತಾವು ಊಹಿಸಿಕೊಳ್ಳಬೇಕು. ಸೋತವರು ಊರಿಗೆ ಹೇಗೆ ಹೋಗಬೇಕೆಂದು ನಮಗೆ ಗೊತ್ತಿತ್ತು. ಗೆದ್ದವರು ಹೇಗೆ ಹೋಗಬೇಕೆಂದೂ ಗೊತ್ತಿತ್ತು. ಸೋತು, ಎರಡು ಕಂಪ್ಯೂಟರು ಗಿಟ್ಟಿಸಿಕೊಂಡು, ಹೋಗುವವರು ಮುಖದ ಮೇಲೆ ಏನನ್ನು ಇಟ್ಟುಕೊಳ್ಳಬೇಕು? ಬಸ್ಸಿನಲ್ಲಿ ಅಜಿತ ಮೊದಲ ಅರ್ಧ ದಾರಿ ಬೇಸರದಲ್ಲಿದ್ದ. ಎರಡನೆಯ ಅರ್ಧ ದಾರಿಯಲ್ಲಿ ಕಂಡಕ್ಟರಿಗೆ ನಾನು ಸತ್ತ ಬಗೆಯನ್ನು ಅಭಿನಯಿಸಿ ತೋರಿಸುತ್ತಿದ್ದ.

ಮುಂದಿನ ಬುಧವಾರ ಟೆಂಪೋದಲ್ಲಿ ಕಂಪ್ಯೂಟರುಗಳು ಬಂದವು. ಈಗ ಪಾಳಿ ಒಂದು ಗಂಟೆಯದು, ಬಸ್ಸಿಗೆ ಹೋಗುವವರು ಇಬ್ಬರೇ. ಪಂಚಶೀಲಾ ನನ್ನ ಮೇಜಿನ ಬಳಿ ಬಂದು, ರಮಾಬಾಯಿಯವರಿಗೆ ಊರಿನ ಪರವಾಗಿ ಒಂದು ಚೆಂದದ ಧನ್ಯವಾದ ಪತ್ರ ಬರೆದುಕೊಡಿ ಎಂದರು. ನಾನು ಬಿಳಿ ಹಾಳೆ ಇಟ್ಟುಕೊಂಡು ಕುಳಿತೆ. ಹದಿನೇಳು ವರ್ಷದಲ್ಲಿ ಯಾರೂ ನನ್ನಿಂದ ಧನ್ಯವಾದ ಬರೆಸಿಲ್ಲ, ಹೀಗಾಗಿ ನನಗೆ ಅದರ ನಮೂನೆ ತಿಳಿಯದು. ಐದು ಸಲ ಶುರು ಮಾಡಿದೆ. ಐದೂ ಸಲ ಎರಡನೆಯ ಸಾಲಿಗೆ ‘ಈ ಅನ್ಯಾಯವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ’ ಎಂದು ಪೆನ್ನು ತಾನಾಗಿಯೇ ಓಡಿತು. ಆರನೆಯ ಸಲ ನಾನು ಅದನ್ನು ತಡೆಯಲಿಲ್ಲ. ಅದರ ಫಲ ತಮ್ಮ ಕೈಯಲ್ಲಿದೆ.

ಹಾಗಾಗಿ ಈ ಕೆಳಗಿನ ಪರಿಹಾರಗಳನ್ನು ಬೇಡಿಕೊಳ್ಳುತ್ತೇನೆ. ಇನ್ನು ಮುಂದೆ ಶತ್ರುವಿಗೆ ಚಿಕಿತ್ಸೆ ನೀಡುವ ಮೊದಲು ಶತ್ರುವಿನಿಂದ ಲಿಖಿತ ಒಪ್ಪಿಗೆಯನ್ನು, ಶತ್ರು ಒಪ್ಪದಿದ್ದರೆ ಶತ್ರುವಿನ ಮನೆಯವರ ಒಪ್ಪಿಗೆಯನ್ನು ಪಡೆಯಬೇಕು. ವಾರದಲ್ಲಿ ಒಂದು ದಿನವಾದರೂ, ಅದು ಪಂದ್ಯದ ದಿನವೇ ಆದರೆ ಇನ್ನೂ ಒಳ್ಳೆಯದು, ತಾವು ರಜೆ ಹಾಕಬೇಕು. ಎಂಟರಿಂದ ಇಪ್ಪತ್ನಾಲ್ಕಕ್ಕೆ ಏರಿಸಿ ಕೊಲ್ಲಲಾದ ನನ್ನ ನೌಕೆಯು ಸಾಯುವ ಸಮಯದಲ್ಲಿ ಹಿಂದಿನ ಮೂರು ನಿಮಿಷಗಳಿಗಿಂತ ಆರೋಗ್ಯವಾಗಿತ್ತೆಂದು, ಪಶುವೈದ್ಯಕೀಯ ಪರೀಕ್ಷಕರ ಸಹಿಯೊಂದಿಗೆ, ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಅದನ್ನು ಚೌಕಟ್ಟು ಹಾಕಿಸಿ ಮೇಜಿನ ಮೇಲೆ ಇಟ್ಟುಕೊಳ್ಳುವ ಇಚ್ಛೆಯಿದೆ. ಮತ್ತು ನೂರೈವತ್ತು ಜನರ ಮುಂದೆ ‘ಸ್ವಲ್ಪ ತಡಿ’ ಎಂದದ್ದನ್ನು ಹಿಂಪಡೆಯಬೇಕು. ಅದನ್ನು ಹಿಂಪಡೆಯಲು ಸಾಧ್ಯವಾಗದಿದ್ದರೆ, ಪಂದ್ಯದ ನಂತರ ಪ್ರತಿ ಭಾನುವಾರ ಬಾಯಿಯವರು ಕಮಲಾಪುರಕ್ಕೆ ಬಂದು ನಮಗೆ ಅಭ್ಯಾಸ ಮಾಡಿಸುತ್ತಿರುವ ಈ ಕ್ರಮವನ್ನಾದರೂ ನಿಲ್ಲಿಸದೆ ಮುಂದುವರಿಸಬೇಕಾಗಿ ಬೇಡಿಕೊಳ್ಳುತ್ತ, ಇಲ್ಲಿಗೆ ಮುಗಿಸುತ್ತೇನೆ.

ತಮ್ಮಿಂದ ಬಲವಂತವಾಗಿ ಗುಣಮುಖನಾದ
ತಮ್ಮ ವಿಶ್ವಾಸಿ,
ದೌಲಪ್ಪ
ಅರ್ಜಿ ಬರಹಗಾರ, ಕಮಲಾಪುರ

ತಾ.ಕ.: ನಮ್ಮ ತಂಡದಲ್ಲಿ ಈಗ ದುರಸ್ತಿ ನೌಕೆಯನ್ನು ನಾನೇ ತೆಗೆದುಕೊಂಡಿದ್ದೇನೆ. ಕಳೆದ ಭಾನುವಾರದ ಅಭ್ಯಾಸದಲ್ಲಿ ಆಸ್ಮಾ ಅವರ ನೌಕೆ ಒಂಬತ್ತು ಅಂಕದೊಂದಿಗೆ ಹೊಗೆ ಬಿಡುತ್ತ ನನ್ನ ಕಡೆಗೇ ಕುಂಟುತ್ತ ಬಂತು. ನಾನು ಬಾಯಿಯವರ ಪಾಠ ನೆನೆದು, ಇದರ ಹೊಟ್ಟೆಯಲ್ಲಿ ಏನೋ ಇದೆ ಎಂದು ಅರಿತು, ಕಿರಣ ಬಿಟ್ಟು ಅದನ್ನು ಅರವತ್ತರವರೆಗೆ ಗುಣಪಡಿಸಿದೆ. ಅದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆಸ್ಮಾ ದಾರಿ ತಪ್ಪಿದ್ದರಂತೆ. ಗುಣವಾದ ಕೂಡಲೇ ತಿರುಗಿ ನಿಂತು ಮೊದಲು ನನ್ನನ್ನು, ಆಮೇಲೆ ಅಜಿತನನ್ನು ಹೊಡೆದುರುಳಿಸಿದರು. ಹೊಟ್ಟೆಯಲ್ಲಿ ಏನೋ ಇರುವ ವೈರಿಗೂ ಬರೀ ದಾರಿ ತಪ್ಪಿದ ವೈರಿಗೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಹೇಗೆಂದು ತಾವು ಲಿಖಿತವಾಗಿ ತಿಳಿಸಬೇಕು. ಬಾಯಿಯವರನ್ನು ಕೇಳಿದರೆ, ಮೂರು ಸಲ ಒದೆಸಿಕೊಂಡರೆ ತಾನೇ ತಿಳಿಯುತ್ತದೆ ಎನ್ನುತ್ತಾರೆ. ನನಗೆ ಇನ್ನೂ ಎರಡು ಬಾಕಿ ಇವೆ.